ಕಿಂಗ್, ನಮ್ಮ ಲೈನು, ನಮ್ಮ ಕವಿತೆ

ಮಾರ್ಟಿನ್ ಲೂಥರ್ ಕಿಂಗ್‌ನನ್ನು ನಮಗೆ ಮೊದಲು ತೋರಿಸಿದ್ದು ಪುಸ್ತಕವಲ್ಲ, ಒಬ್ಬ ಕಾಫಿ ಸಾಹುಕಾರರು. ಮೂಡಿಗೆರೆ ಕಡೆಯ ಒಂದು ಹೈಸ್ಕೂಲಿಗೆ ಬಹುಮಾನ ಹಂಚಲು ಬಂದವರು ಮೈಕಿನ ಮುಂದೆ ನಿಂತು, ಕರಿಯರ ಆ ನಾಯಕ ಗಾಂಧಿ ದಾರಿ ಹಿಡಿದ, ಪೆಟ್ಟು ತಿಂದರೂ ಕೈ ಎತ್ತಲಿಲ್ಲ, ಮಕ್ಕಳು ಅಂಥವರಿಂದ ತಾಳ್ಮೆ ಕಲೀಬೇಕು ಅಂದರು. ಕೆಳಗೆ ಜಮಖಾನೆ ಮೇಲೆ ಕೂತವರಲ್ಲಿ ಅರ್ಧಕ್ಕರ್ಧ ಎಸ್ಟೇಟ್ ಲೈನಿನ ಮಕ್ಕಳು. ಚಪ್ಪಾಳೆ ತಟ್ಟಿದೆವು. ತಾಳ್ಮೆ ನಮಗೇನು ಹೊಸ ಪಾಠವಾಗಿರಲಿಲ್ಲ. ನಮ್ಮ ಅಜ್ಜ ಮುತ್ತಜ್ಜರು ಅದರಲ್ಲಿ ಡಿಗ್ರಿ ಪಡೆದವರು. ಅಕ್ಷರದ ಡಿಗ್ರಿ ಮಾತ್ರ ನಮ್ಮ ಕಾಲಕ್ಕೆ ಬಂತು.

ಆ ಡಿಗ್ರಿ ಓದುವಾಗ ಕಿಂಗ್ ಮತ್ತೆ ಸಿಕ್ಕಿದ. ಸಾಹುಕಾರರು ಹೇಳಿದ ಕಿಂಗ್ ಅಲ್ಲಿರಲೇ ಇಲ್ಲ. 1955ರ ಡಿಸೆಂಬರ್ 5ರಿಂದ 381 ದಿನ ಮಾಂಟ್ಗೊಮರಿಯ ಕಪ್ಪು ಜನ ಬಸ್ಸು ಹತ್ತಲಿಲ್ಲ. ಮನೆಗೆಲಸದ ಹೆಂಗಸರು ಮೈಲಿಗಟ್ಟಲೆ ನಡೆದರು. ಬಸ್ ಕಂಪನಿಯ ಗಲ್ಲಾ ಬರಿದಾಯಿತು. ಆಗ ಕಿಂಗ್‌ಗೆ 26 ವರ್ಷ, ಹೆಚ್ಚುಕಮ್ಮಿ ನಮ್ಮ ವಯಸ್ಸು. ಇದನ್ನು ತಾಳ್ಮೆ ಅನ್ನೋದಾದರೆ ಬಂದ್ ಅನ್ನೋದಕ್ಕೆ ಬೇರೆ ಪದ ಹುಡುಕಬೇಕು. 1963ರಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಪತ್ರದಲ್ಲಿ ಅವನು ಬಾಯಿಬಿಟ್ಟು ದ್ವೇಷಿಸುವವನಿಗಿಂತ, 'ನಿಮ್ಮ ಬೇಡಿಕೆ ಸರಿ, ಆದರೆ ಈಗ ಬೇಡ, ಹೀಗೆ ಬೇಡ' ಎನ್ನುವ ಸಂಭಾವಿತ ಬಿಳಿಯನನ್ನೇ ಹೆಚ್ಚು ಝಾಡಿಸುತ್ತಾನೆ. ನಮ್ಮ ವೇದಿಕೆಯ ಸಾಹುಕಾರರು ಆ ಪತ್ರ ಓದಿದ್ದರೆ ಮೈಕು ಕೆಳಗಿಡುತ್ತಿದ್ದರೋ ಏನೋ.

ಒಂದು ಪದ ನೋಡಿ. ಅವರು ಮಾಡಿದ್ದನ್ನು ಕನ್ನಡದಲ್ಲಿ 'ಬಹಿಷ್ಕಾರ' ಎಂದೇ ಬರೆಯುತ್ತೇವೆ. ನಮ್ಮ ಊರುಗಳಲ್ಲಿ ಬಹಿಷ್ಕಾರ ಎಂದರೆ ನಮ್ಮ ಮೇಲೆ ಹಾಕುವುದು: ಅಂಗಡಿ ಸಾಮಾನಿಲ್ಲ, ನೀರಿಲ್ಲ, ಕೂಲಿಯಿಲ್ಲ. ಅದೇ ಪದವನ್ನು ಅಲ್ಲಿ ಕೆಳಗಿದ್ದವರು ಮೇಲಕ್ಕೆ ತಿರುಗಿಸಿ ಹಾಕಿದ್ದರು.

ಈಗ ನಮ್ಮ ಕವಿತೆಯ ವಿಷಯಕ್ಕೆ ಬರುತ್ತೇವೆ. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಕಾವ್ಯವನ್ನು ಖಡ್ಗವಾಗಲು ಕರೆಯಿತು. ಅದಕ್ಕೂ ಮುಂಚೆ, 1975ರಲ್ಲಿ, ಸಿದ್ಧಲಿಂಗಯ್ಯನವರ 'ಹೊಲೆಮಾದಿಗರ ಹಾಡು' ಬಂದು ನಮ್ಮ ಕೇರಿಗಳ ಸಿಟ್ಟಿಗೆ ಬಾಯಿ ಕೊಟ್ಟಿತ್ತು. ಆ ಋಣ ಮರೆಯುವ ಮಕ್ಕಳಲ್ಲ ನಾವು. ತಲೆ ತಗ್ಗಿಸಿದ ಜನಕ್ಕೆ ಮೊದಲು ಬೇಕಾದದ್ದು ಬೈಗುಳ. ಬೈಯಲು ಬಾರದವನ ಅಹಿಂಸೆಗೆ ಬೆಲೆ ಇಲ್ಲ. ತಕರಾರು ಆಮೇಲೆ ಬಂದ ನಮ್ಮ ಮೇಲೆ. ಹಿರಿಯರಿಗೆ ಮೈಯೊಳಗಿಂದ ಬಂದ ಕತ್ತಿ ನಮಗೆ ಪದಕೋಶದಿಂದ ಬಂತು. ಕೆಂಪು ಸೂರ್ಯ, ರಕ್ತದ ಹೊಳೆ, ಕುಡುಗೋಲಿನ ಹಬ್ಬ. ಕಾಲೇಜು ಮ್ಯಾಗಜೀನಿಗೆ ಅಂಥದೊಂದನ್ನು ನಾವೂ ಬರೆದೆವು. ಲೈನಿನಲ್ಲಿ ದೀಪದ ಕೆಳಗೆ ಅವ್ವನಿಗೆ ಓದಿ ಹೇಳಿದೆವು. ಸಾವಿರ ಕತ್ತಿ ಎದ್ದು ನಿಲ್ಲುತ್ತವೆ ಎಂಬಲ್ಲಿ ಅವ್ವ ತಡೆದಳು.

"ಆ ಕತ್ತಿ ಯಾರ್ದು ಮಗಾ?"

"ನಮ್ದೇ ಕಣವ್ವ."

"ನಮ್ದೆಲ್ಲಿ ಬಂತು? ಸಂಜೆ ರೈಟ್ರಿಗೆ ಎಣಿಸಿ ಕೊಡಬೇಕಲ್ಲ."

ಕನ್ನಡದ ಯಾವ ವಿಮರ್ಶಕನೂ ನಮ್ಮ ಕವಿತೆಯ ಮೇಲೆ ಇಷ್ಟು ಸರಿಯಾದ ಮಾತು ಆಡಿಲ್ಲ.

ವಿಚಿತ್ರ ಏನೆಂದರೆ, ನಮ್ಮ ಪದ್ಯ ಕತ್ತಿ ಹಿಡಿದಿದ್ದಾಗ ನಮ್ಮ ಚಳವಳಿ ಬರಿಗೈಯಲ್ಲಿ ನಡೆಯುತ್ತಿತ್ತು. ಭದ್ರಾವತಿಯಲ್ಲಿ ಮೇಷ್ಟರಾಗಿದ್ದ ಬಿ. ಕೃಷ್ಣಪ್ಪನವರು ಕಟ್ಟಿದ ಸಂಘರ್ಷ ಸಮಿತಿಯ ದಾರಿ ಜಾಥಾ, ಧರಣಿ, ಅರ್ಜಿ, ಹಾಡು. 1986ರಲ್ಲಿ ಚಂದ್ರಗುತ್ತಿಯಲ್ಲಿ ಬೆತ್ತಲೆ ಸೇವೆ ಬೇಡ ಎನ್ನಲು ಹೋದವರು ಪೆಟ್ಟು ತಿಂದರು. ಇನ್ನೂ ಹಿಂದಕ್ಕೆ ಹೋದರೆ 1927ರ ಮಾರ್ಚ್ 20, ಮಹಾಡ್. ಚವದಾರ್ ಕೆರೆಯ ನೀರು ಮುಟ್ಟಿದ ಜನರ ಮೇಲೆ ಲಾಠಿ ಬಿತ್ತು. ತಿರುಗಿ ಹೊಡೆಯಲು ಎದ್ದವರನ್ನು ಬಾಬಾಸಾಹೇಬರು ತಡೆದರು. ಆಗ ಕಿಂಗ್ ಇನ್ನೂ ಹುಟ್ಟಿರಲಿಲ್ಲ. ಕೆರೆಯ ಹಕ್ಕನ್ನು ಬಾಂಬೆ ಹೈಕೋರ್ಟು ಒಪ್ಪಿದ್ದು 1937ರಲ್ಲಿ. ಮಾಂಟ್ಗೊಮರಿಯ ಬಸ್ಸಿನ ಕಟ್ಟಳೆ ಬಿದ್ದದ್ದೂ 1956ರಲ್ಲಿ ಕೋರ್ಟಿನ ತೀರ್ಪಿನಿಂದಲೇ. ಆ ತೀರ್ಪು ಬರುವ ತನಕ ನಡೆದದ್ದು ಕಾಲು. ಸಂವಿಧಾನದ ದಾರಿ ತೆರೆದ ಮೇಲೆ ಸತ್ಯಾಗ್ರಹವನ್ನೂ ಬಿಡಬೇಕು ಎಂದು 1949ರಲ್ಲಿ ಬಾಬಾಸಾಹೇಬರು ಹೇಳಿದ್ದನ್ನು ನಾವು ಬಲ್ಲೆವು. ಆ ದಾರಿ ಎಸ್ಟೇಟಿನ ಗೇಟಿನೊಳಕ್ಕೆ ಬಂದ ದಿನ ಬಿಟ್ಟೇವು.

ಕೈ ಎತ್ತದೆ ಎದುರು ನಿಲ್ಲುವ ಮನುಷ್ಯನನ್ನು ಮಲೆನಾಡಿನ ಸಾಹಿತ್ಯದಲ್ಲಿ ಹುಡುಕಿದರೆ ನಮಗೆ ಸಿಗುವವನು ಗುತ್ತಿ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' 1967ರದು, ಅದರ ಕತೆ ಹತ್ತೊಂಬತ್ತನೇ ಶತಮಾನದ ಕೊನೆಯದು. ಹೆಗ್ಗಡೆಯ ಹೊಲೆಯಾಳಾದ ಗುತ್ತಿ ತನಗೆ ಬೇಕಾದ ತಿಮ್ಮಿಯನ್ನು ಕರೆದುಕೊಂಡು ಕಾಡು ಬಿದ್ದು ಹೊರಡುತ್ತಾನೆ. ಒಡೆಯನ ಮೇಲೆ ದಂಗೆ ಇಲ್ಲ, ಭಾಷಣ ಇಲ್ಲ. ಯಾರ ಹುಡುಗಿಯನ್ನು ಯಾರು ಕಟ್ಟಿಕೊಳ್ಳಬೇಕು ಎಂದು ಗೌಡಿಕೆ ಹೇಳುವ ಕಡೆ, ಆ ಅಪ್ಪಣೆಗೆ ಅವನು ಬೆನ್ನು ಹಾಕುತ್ತಾನೆ. ಬಂಡಾಯದ ಹುರುಪಿನಲ್ಲಿ ಗುತ್ತಿಯನ್ನು ಓದುವಾಗ ನಾವು ಅವನಲ್ಲಿ ಕಂಡದ್ದು ನಿಷ್ಠೆಯ ಆಳು, ಅವನ ಹಿಂದೆ ಒಂದು ನಾಯಿ, ಅಷ್ಟೆ. ಹೊಡೆಯದವನು ನಮಗೆ ನಾಯಕನಾಗಿ ಕಾಣಲಿಲ್ಲ. ಇದು ಕುವೆಂಪು ಅವರ ಕೊರತೆಯಲ್ಲ, ನಮ್ಮ ಕಣ್ಣಿನದು.

ಆದರೆ ಗುತ್ತಿ ಓಡಿಹೋಗಬೇಕಾಯಿತು. ಇಲ್ಲಿ ಕಿಂಗ್‌ನ ಪಾಠಕ್ಕೂ ನಮ್ಮ ಗುಡ್ಡಕ್ಕೂ ನಡುವೆ ಒಂದು ಬಿರುಕಿದೆ, ಅದನ್ನು ಮುಚ್ಚಿಡಬಾರದು. ಮಾಂಟ್ಗೊಮರಿಯ ಹೆಂಗಸು ಬಸ್ಸು ಬಿಟ್ಟು ನಡೆದರೆ ಸಂಜೆ ಸೇರಲು ಅವಳಿಗೆ ಬಸ್ ಕಂಪನಿಯದಲ್ಲದ ಮನೆಯಿತ್ತು. ಲೈನಿನ ಹೆಂಗಸು ಕೆಲಸ ಬಿಟ್ಟರೆ ಮನೆಯನ್ನೂ ಬಿಡಬೇಕು. 1951ರ ತೋಟ ಕಾರ್ಮಿಕ ಕಾಯ್ದೆ ಮಾಲೀಕ ವಸತಿ ಕೊಡಬೇಕು ಎಂದಿತು. ಆ ವಸತಿಯೇ ಗೂಟವಾಯಿತು. 1974ರ ಭೂಸುಧಾರಣೆ ಉಳುವವನನ್ನು ಒಡೆಯ ಮಾಡಲು ಹೊರಟಿತು, ಆದರೆ ಭೂಮಿತಿಯ ಕಟ್ಟಳೆಯಿಂದ ಕಾಫಿ, ಏಲಕ್ಕಿ, ಮೆಣಸಿನ ತೋಟಗಳು ಹೊರಗುಳಿದವು. ಅದಕ್ಕೆ ಮೇಲೆ ಮುಂಗಡ. 1976ರಲ್ಲಿ ಜೀತ ರದ್ದಾಯಿತು ಅಂತ ಪುಸ್ತಕದಲ್ಲಿದೆ. 2022ರ ಅಕ್ಟೋಬರಿನಲ್ಲಿ ಚಿಕ್ಕಮಗಳೂರು ಪಕ್ಕದ ಜೇನುಗದ್ದೆಯ ತೋಟವೊಂದರಲ್ಲಿ ದಲಿತ ಕೂಲಿಗಳನ್ನು, ಅವರಲ್ಲೊಬ್ಬ ಗರ್ಭಿಣಿಯನ್ನೂ, ಸಾಲದ ಹೆಸರಲ್ಲಿ ಕೂಡಿಹಾಕಿದರು ಎಂದು ದೌರ್ಜನ್ಯ ತಡೆ ಕಾಯ್ದೆಯಡಿ ಕೇಸು ದಾಖಲಾಯಿತು. ನಡೆದು ಪ್ರತಿಭಟಿಸು ಅನ್ನುತ್ತೀರಿ. ಬಾಗಿಲಿಗೆ ಹೊರಗಿನಿಂದ ಚಿಲಕ ಹಾಕಿದವರಿಗೆ?

ಇದನ್ನು ಕಿಂಗ್‌ಗೆ ಯಾರೂ ತೋರಿಸಲಿಲ್ಲ. 1959ರಲ್ಲಿ ಗಾಂಧಿ ಸ್ಮಾರಕ ನಿಧಿಯ ಆಹ್ವಾನದ ಮೇಲೆ ಬಂದವನು ಸುಮಾರು ಒಂದು ತಿಂಗಳು ಈ ದೇಶದಲ್ಲಿದ್ದ. ತಿರುವನಂತಪುರದಲ್ಲಿ ನಮ್ಮಂಥವರ ಮಕ್ಕಳು ಓದುವ ಶಾಲೆಯ ಮುಖ್ಯೋಪಾಧ್ಯಾಯರು ಅವನನ್ನು ಅಮೆರಿಕದಿಂದ ಬಂದ ನಿಮ್ಮಂತೆಯೇ ಒಬ್ಬ ಅಸ್ಪೃಶ್ಯ ಎಂದು ಪರಿಚಯಿಸಿದರು. ಮೊದಲು ಅವನಿಗೆ ಇರಿಸುಮುರಿಸಾಯಿತು. ಆಮೇಲೆ ತನ್ನ ಜನರನ್ನು ನೆನೆದು, ಹೌದು, ನಾನೂ ಅಸ್ಪೃಶ್ಯನೇ ಎಂದುಕೊಂಡ. ಇದನ್ನು 1965ರಲ್ಲಿ ತನ್ನ ಚರ್ಚಿನಲ್ಲಿ ತಾನೇ ಹೇಳಿದ. ಆ ಒಂದು ಗಳಿಗೆಗಾಗಿ ಅವನು ನಮ್ಮವನು. ಆದರೆ ಊರಿಗೆ ಮರಳಿದವನು, ಅಮೆರಿಕ ಕರಿಯರನ್ನು ಸೇರಿಸಿಕೊಳ್ಳುವುದಕ್ಕಿಂತ ಬೇಗ ಭಾರತ ಅಸ್ಪೃಶ್ಯರನ್ನು ಸೇರಿಸಿಕೊಳ್ಳುತ್ತಿದೆ ಎಂದು ಬರೆದುಬಿಟ್ಟ. ಬಾಬಾಸಾಹೇಬರು ತೀರಿಕೊಂಡು ಆಗಿನ್ನೂ ಎರಡು ವರ್ಷ ಚಿಲ್ಲರೆ. ಕರೆದವರು ತೋರಿಸಿದ್ದನ್ನು ನೋಡಿದ, ಪಾಪ. ಕಳಸದ ಘಾಟಿ ಹತ್ತಿಸಿ ಒಂದು ಲೈನಿನ ಮುಂದೆ ನಿಲ್ಲಿಸಿದ್ದರೆ ಬೇರೆ ಬರೆಯುತ್ತಿದ್ದ ಎಂದು ನಂಬುತ್ತೇವೆ. ಯಾಕೆಂದರೆ 1968ರಲ್ಲಿ ಅವನು ಕೊನೆಗೆ ಹೋಗಿ ನಿಂತದ್ದು ಮೆಂಫಿಸ್‌ನ ಕಸ ಎತ್ತುವವರ ಮುಷ್ಕರದಲ್ಲಿ. ಗುಂಡು ತಗುಲಿದ್ದೂ ಅಲ್ಲೇ.

ನಾವು ಪಿಯುಸಿ ಓದುತ್ತಿದ್ದ ವರ್ಷ, ಹಣ್ಣು ಕೊಯ್ಯುವ ಕಾಲದಲ್ಲಿ, ನಮ್ಮ ಲೈನಿನ ಹೆಂಗಸರು ಮೂರು ದಿನ ತೋಟಕ್ಕೆ ಇಳಿಯಲಿಲ್ಲ. ತೂಕದಲ್ಲಿ ದಿನಾ ಮೂಟೆಗಿಷ್ಟು ಎಂದು ಮುರಿದುಕೊಳ್ಳುತ್ತಿದ್ದರು, ಅದಕ್ಕೆ. ಕಣದಲ್ಲಿ ತಕ್ಕಡಿ ಮುಂದೆ ಸುಮ್ಮನೆ ಕೂತರು. ಗಿಡದಲ್ಲಿ ಹಣ್ಣು ಉದುರತೊಡಗಿತು. ಮನೆ ಖಾಲಿ ಮಾಡಿ ಎಂದು ಮೇಸ್ತ್ರಿ ಬಂದು ಕೂಗಾಡಿದ, ಯಾರೂ ಏಳಲಿಲ್ಲ. ಮೂರನೇ ದಿನ ಸಂಜೆ ಬೇರೆ ತಕ್ಕಡಿ ಬಂತು. ಆಗ ನಾವು ಒಳಗೆ ಕೂತು ರಕ್ತದ ಮೇಲೆ ಪದ್ಯ ಬರೆಯುತ್ತಿದ್ದೆವು. ಈಗ ಬರೆಯೋಣ ಎಂದು ಕೇಳಿದರೆ ಅವ್ವ, "ಅದ್ರಲ್ಲಿ ಬರಿಯಕ್ಕೆ ಎಂತದು ಐತೆ" ಅನ್ನುತ್ತಾಳೆ. ಎರಡನೇ ರಾತ್ರಿ ಮಕ್ಕಳಿಗೆ ಏನು ಬಡಿಸಿದೆ ಎಂಬುದೊಂದು ಅವಳಿಗೆ ನೆನಪಿದೆ: ಗಂಜಿ, ಉಪ್ಪು, ಬೇಲಿಯ ಸೂಜಿಮೆಣಸು.