ಬೈಟುಗಳ ಸರದಿ ತಪ್ಪಿದರೆ ಮಳೆಯೂ ಸೊನ್ನೆ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ – ಬರ ಪದೇ ಪದೇ ಕಾಡುವ ಈ ತಾಲ್ಲೂಕುಗಳಲ್ಲಿ ಮಳೆಯ ಒಂದೊಂದು ಮಿಲಿಮೀಟರಿಗೂ ಬೆಲೆಯಿದೆ. ದಿನಕ್ಕೆ 2.5 ಮಿ.ಮೀ. ಅಥವಾ ಹೆಚ್ಚು ಮಳೆಯಾದರೆ ಭಾರತೀಯ ಹವಾಮಾನ ಇಲಾಖೆ ಅದನ್ನು ಮಳೆಯ ದಿನವೆಂದು ಎಣಿಸುತ್ತದೆ. ಇಂಥ ಅಂಕಿಗಳನ್ನು ದ್ವಿಮಾನ ಕಡತದಿಂದ ಓದಿ ಜಾಲಪುಟದಲ್ಲಿ ತೋರಿಸಬೇಕೆನ್ನಿ. ಅದಕ್ಕೊಂದು ಸಾಧನ, 2015ರಲ್ಲಿ ಜಾವಾಸ್ಕ್ರಿಪ್ಟ್ ಮಾನಕಕ್ಕೆ ಸೇರಿದ ‘ಡೇಟಾವ್ಯೂ’. ಸಾಧನ ಉಪಯುಕ್ತವೇ, ಆದರೆ ಅದರಲ್ಲೊಂದು ದೋಷವಿದೆ.

1985ರ ಐಇಇಇ 754 ಮಾನಕದಂತೆ, 32 ಬಿಟ್‌ಗಳ ಫ್ಲೋಟಿಂಗ್ ಪಾಯಿಂಟ್ ಸಂಖ್ಯೆಯಲ್ಲಿ 1 ಬಿಟ್ ಚಿಹ್ನೆಗೆ, 8 ಘಾತಕ್ಕೆ, 23 ಭಿನ್ನಾಂಶಕ್ಕೆ ಮೀಸಲು. 2.5 ಎಂದರೆ 1.25 × 2. ಅದರ ನಾಲ್ಕು ಬೈಟುಗಳು 64, 32, 0, 0. ಹೆಚ್ಚು ಬೆಲೆಯ ಬೈಟನ್ನು ಮೊದಲಿಡುವ ಈ ಕ್ರಮವೇ ಬಿಗ್ ಎಂಡಿಯನ್. ಇಂದಿನ ಬಹುಪಾಲು ಗಣಕಗಳೂ ಮೊಬೈಲ್‌ಗಳೂ ಬಳಸುವ ಲಿಟಲ್ ಎಂಡಿಯನ್ ಕ್ರಮದಲ್ಲಿ ಇದು ತಿರುಗುಮುರುಗು: 0, 0, 32, 64.

ಕ್ರಮ ಯಾವುದೆಂದು ತಿಳಿಸದಿದ್ದರೆ ಡೇಟಾವ್ಯೂದ ‘ಗೆಟ್‌ಫ್ಲೋಟ್32’ ಬಿಗ್ ಎಂಡಿಯನ್ ಎಂದೇ ಭಾವಿಸುತ್ತದೆ. ಜೊತೆಯ ಸಾಧನ ‘ಫ್ಲೋಟ್32ಅರೇ’ ಮಾತ್ರ ಗಣಕದ ಕ್ರಮವನ್ನು ಅನುಸರಿಸುತ್ತದೆ. ಕಡತ ಒಂದೇ, ಉತ್ತರ ಎರಡು! 0, 0, 32, 64 ಅನ್ನು ತಪ್ಪಾಗಿ ಓದಿದರೆ ಸಿಗುವುದು ಸುಮಾರು 1.16 × 10⁻⁴¹. ಒಂದು ದಶಮಾಂಶ ಸ್ಥಾನಕ್ಕೆ ಸೀಮಿತಗೊಳಿಸಿದಾಗ ಪರದೆಯ ಮೇಲೆ ಕಾಣುವುದು 0.0. ದೋಷಸಂದೇಶವೇನೂ ಬಾರದು. ಬರದ ಸೀಮೆಯಲ್ಲಿ ಈ ಸೊನ್ನೆಯನ್ನು ಯಾರು ತಾನೇ ಶಂಕಿಸುತ್ತಾರೆ? ಅಸಂಬದ್ಧ ಸಂಖ್ಯೆ ತಾನಾಗಿ ಸಿಕ್ಕಿಬೀಳುತ್ತದೆ. ನಂಬುವಂತಿರುವ ತಪ್ಪೇ ಅಪಾಯಕಾರಿ.

ಜಾಲ ಸಂವಹನದಲ್ಲಿ ಬಿಗ್ ಎಂಡಿಯನ್ ಹಳೆಯ ರೂಢಿ ಎಂಬ ಸಮರ್ಥನೆಯಿದೆ. ಆದರೆ ಕಡತದ ಕ್ರಮವನ್ನು ನಿರ್ಧರಿಸುವವರು ಅದನ್ನು ಬರೆದವರು, ರೂಢಿಯಲ್ಲ. ಕ್ರಮ ತಿಳಿಸುವುದನ್ನು ಐಚ್ಛಿಕವಾಗಿಸದೆ ಕಡ್ಡಾಯ ಮಾಡಬೇಕಿತ್ತು. ಈಗ ಬದಲಿಸಿದರೆ ಹಳೆಯ ಪುಟಗಳು ಕೆಡುತ್ತವೆ. ಹಾಗೆಂದು ಡೇಟಾವ್ಯೂವನ್ನು ಕೈಬಿಡಬೇಕಿಲ್ಲ: ಅದು ಯಾವ ಬೈಟಿನಿಂದಲಾದರೂ ಓದಬಲ್ಲದು, ಫ್ಲೋಟ್32ಅರೇ ನಾಲ್ಕರ ಗುಣಕದ ಸ್ಥಾನದಿಂದ ಮಾತ್ರ.

ಇನ್ನೊಂದು ಎಚ್ಚರ. 14.2 ಮಿ.ಮೀ. ಮಳೆಯನ್ನು 32 ಬಿಟ್‌ಗಳಲ್ಲಿಟ್ಟು ಸರಿಯಾಗಿಯೇ ಓದಿದರೂ 14.199999809265137 ಎಂದು ಕಾಣುತ್ತದೆ. ಆ ಉದ್ದದ ಬಾಲ ದ್ವಿಮಾನದ ಮಿತಿಯೇ ಹೊರತು ಮಳೆಮಾಪಕದ ನಿಖರತೆಯಲ್ಲ. ಹತ್ತರಿಂದ ಗುಣಿಸಿ 142 ಎಂಬ ಪೂರ್ಣಾಂಕವಾಗಿ ಇಟ್ಟರೆ ಈ ಗೊಂದಲವಿಲ್ಲ.

ಶಿಕ್ಷಕರು ತರಗತಿಯಲ್ಲಿ ಹೀಗೆ ಮಾಡಿಸಬಹುದು: ಕಡತದ ಆರಂಭದಲ್ಲಿ 2.5 ಅನ್ನು ಬರೆಯಿಸಿ. ಓದುವಾಗ ಅದು 2.5 ಆಗಿಯೇ ಬಂದರೆ ಮಾತ್ರ ವಿದ್ಯಾರ್ಥಿಗಳು ಉಳಿದ ಅಂಕಿಗಳನ್ನು ನಂಬಲಿ.