ಫ್ರೆಂಚ್ ಕಲಾಗಾಜಿನ ತೂಗುದೀಪ ಮತ್ತು ಉಪ್ಪಲ್‌ನ ಹತ್ತಡಿ ಚಾವಣಿ

ಫ್ರೆಂಚ್ ಕಲಾಗಾಜಿನ ತೂಗುದೀಪಗಳು ಹೆಚ್ಚಾಗಿ 1900ರಿಂದ 1930ರ ದಶಕದ ನಡುವೆ ತಯಾರಾದವು. ಈಶಾನ್ಯ ಫ್ರಾನ್ಸಿನ ಲೊರೇನ್ ಸೀಮೆ ಇವುಗಳ ತವರು. ಪ್ಯಾರಿಸ್ಸಿನ ಆಸುಪಾಸಿನ ಕಾರ್ಖಾನೆಗಳು ಆಮೇಲೆ ಸೇರಿಕೊಂಡವು. ಹಳೆಯ ಸಾಮಾನಿನ ವ್ಯಾಪಾರಿಗಳು ಇವನ್ನೂ ಅರಮನೆಯ ಹರಳಿನ ಗೊಂಚಲು ದೀಪಗಳನ್ನೂ ಒಟ್ಟಿಗೆ ಶಾಂಡಲಿಯರ್ ಎಂದೇ ಮಾರುತ್ತಾರೆ. ಹೈದರಾಬಾದಿನ ಮಾತಿನಲ್ಲಿ ಎರಡೂ ಝೂಮರ್. ಆದರೆ ಎರಡೂ ಬೆಳಕನ್ನು ನಡೆಸಿಕೊಳ್ಳುವ ರೀತಿ ಬೇರೆ. ಹರಳಿನ ಗೊಂಚಲು ರೂಪುಗೊಂಡದ್ದು ಮೇಣದ ಬತ್ತಿಯ ಕಾಲದಲ್ಲಿ. ಸಣ್ಣ ಜ್ವಾಲೆಯನ್ನು ನೂರಾರು ಮುಖಗಳಲ್ಲಿ ಒಡೆದು, ಇರುವುದಕ್ಕಿಂತ ಹೆಚ್ಚಾಗಿ ತೋರಿಸುವುದು ಅದರ ಕಸುಬು. ಕಲಾಗಾಜಿನ ಬೋಗುಣಿ ಬಂದದ್ದು ವಿದ್ಯುತ್ ಬಲ್ಬಿನ ಬೆನ್ನಿಗೆ. ಕಣ್ಣು ಕುಕ್ಕುವ ತಂತಿಯನ್ನು ಮರೆಮಾಡಿ, ಬೆಳಕನ್ನು ಸೋಸಿ ಬಿಡುವುದು ಅದರ ಕೆಲಸ. ಈ ದೀಪಗಳ ಗುಣದೋಷಗಳನ್ನು ಅಳೆಯಬೇಕಾದದ್ದು ಇದೇ ಅಳತೆಗೋಲಿನಿಂದ.

1870–71ರ ಯುದ್ಧದಲ್ಲಿ ಫ್ರಾನ್ಸ್ ಸೋತು, ಅಲ್ಸೇಸ್ ಮತ್ತು ಲೊರೇನಿನ ಒಂದು ಭಾಗ ಜರ್ಮನಿಯ ಪಾಲಾಯಿತು. ಫ್ರಾನ್ಸಿನಲ್ಲೇ ಉಳಿದ ನಾನ್ಸಿ ನಗರಕ್ಕೆ ಆ ಕಡೆಯ ಕುಶಲಕರ್ಮಿಗಳೂ ಹಣವಂತರೂ ಗುಳೆ ಬಂದರು. ಬಿಚ್ ಎಂಬ ಊರಿನ ನೋಟರಿ ಝಾನ್ ದೋಮ್ ಹಾಗೆ ಬಂದವನೇ. ಅವನು ಸಾಲ ಕೊಟ್ಟಿದ್ದ ಗಾಜಿನ ಕಾರ್ಖಾನೆ 1878ರಲ್ಲಿ ಅವನ ಕೊರಳಿಗೇ ಬಿತ್ತು. ಗಡಿಯಾರದ ಗಾಜು, ಕಿಟಕಿಯ ಗಾಜು ಮಾಡುತ್ತಿದ್ದ ಆ ಕಾರ್ಖಾನೆಯನ್ನು ಅವನ ಮಕ್ಕಳಾದ ಓಗುಸ್ತ್ ಮತ್ತು ಆಂತೊನ್ಯಾಂ ಕಲಾಗಾಜಿನ ಕಡೆಗೆ ತಿರುಗಿಸಿದರು. ಅದೇ ಊರಿನ ಎಮಿಲ್ ಗ್ಯಾಲೆ (1846–1904) ಸಸ್ಯಶಾಸ್ತ್ರ ಬಲ್ಲವನು. ಅವನ ಗಾಜಿನ ಮೇಲಿನ ಹೂಬಳ್ಳಿಗಳಲ್ಲಿ ಆ ತಿಳಿವಳಿಕೆ ಎದ್ದು ಕಾಣುತ್ತದೆ. 1901ರಲ್ಲಿ ಗ್ಯಾಲೆಯ ಮುಂದಾಳತ್ವದಲ್ಲಿ ನಾನ್ಸಿ ಪಂಥ ಸಂಘಟಿತವಾಯಿತು. ದೋಮ್ ಸೋದರರು ಗಾಜು ಕೊಟ್ಟರೆ, ಪೀಠೋಪಕರಣಗಳ ಕಲಾವಿದ ಲೂಯಿ ಮಜೊರೆಲ್ ಅದಕ್ಕೆ ಲೋಹದ ತೊಟ್ಟು, ಕಾಂಡ, ಎಲೆ ಕೊಟ್ಟನು.

ತಯಾರಿಕೆಯ ಕ್ರಮ ತಿಳಿದರೆ ಈ ಗಾಜಿನ ಬೆಲೆ ಅರ್ಥವಾಗುತ್ತದೆ. ಕ್ಯಾಮಿಯೋ ವಿಧಾನದಲ್ಲಿ ಒಂದು ಬಣ್ಣದ ಬಿಸಿ ಗಾಜಿನ ಮೇಲೆ ಇನ್ನೊಂದು, ಕೆಲವೊಮ್ಮೆ ಮೂರನೆಯ ಬಣ್ಣದ ಪದರ ಹೊದಿಸಿ ಊದುತ್ತಾರೆ. ಆರಿದ ಮೇಲೆ ಉಳಿಯಬೇಕಾದ ಹೂವು, ಎಲೆಗಳಿಗೆ ಡಾಂಬರಿನಂಥ ಲೇಪ ಬಳಿದು ಹೈಡ್ರೋಫ್ಲೋರಿಕ್ ಆಮ್ಲದಲ್ಲಿ ಅದ್ದುತ್ತಾರೆ. ಲೇಪವಿಲ್ಲದ ಕಡೆ ಮೇಲಿನ ಪದರ ಕರಗಿ ಒಳಗಿನ ಬಣ್ಣ ಹೊರಬರುತ್ತದೆ. ಬೀದರಿನ ಕುಸುರಿಗಾರ ಲೋಹವನ್ನು ಕೊರೆದು ಬೆಳ್ಳಿಯನ್ನು ಕೂರಿಸುತ್ತಾನೆ. ನಾನ್ಸಿಯ ಕೆಲಸಗಾರ ಮೊದಲು ಎಲ್ಲ ಕಡೆ ಬಣ್ಣ ಹೊದಿಸಿ ಬೇಡದ್ದನ್ನು ತೆಗೆಯುತ್ತಾನೆ. ಕ್ಯಾಮಿಯೋ ಬಿಟ್ಟರೆ ಎರಡನೆಯ ವಿಧಾನ ಅಗ್ಗದ್ದು, ತೂಗುದೀಪಕ್ಕೆ ಹೆಚ್ಚು ಒಗ್ಗಿದ್ದು. ಇದರಲ್ಲಿ ಬಣ್ಣದ ಗಾಜಿನ ಪುಡಿಯನ್ನು ಲೋಹದ ಹಲಗೆಯ ಮೇಲೆ ಹರಡಿ, ಕೆಂಡದಂತಿರುವ ಗಾಜಿನ ಉಂಡೆಯನ್ನು ಅದರ ಮೇಲೆ ಹೊರಳಿಸುತ್ತಾರೆ. ಮೇಲೊಂದು ತಿಳಿಗಾಜಿನ ಪದರ ಕೊಟ್ಟು ಅಚ್ಚಿನಲ್ಲಿ ಊದಿದರೆ ಪುಡಿ ಮೋಡ ಮೋಡವಾಗಿ ಒಳಗೇ ನಿಂತುಬಿಡುತ್ತದೆ.

ಲ್ಯುನೆವಿಲ್‌ನ ಮ್ಯುಲ್ಲರ್ ಸೋದರರ ಹೆಸರು ನಿಂತಿರುವುದು ಈ ಎರಡನೆಯ ವಿಧಾನದಲ್ಲಿ. ಅವರು ಗ್ಯಾಲೆಯ ಬಳಿ ಕೆಲಸ ಕಲಿತವರು. ಅವರ ಮಾದರಿ ದೀಪದ ಮಧ್ಯದಲ್ಲಿ ಒಂದು ಬೋಗುಣಿ, ಸುತ್ತ ತುಲಿಪ್ ಹೂವಿನಾಕಾರದ ಮೂರೋ ನಾಲ್ಕೋ ಸಣ್ಣ ಗಾಜುಗಳು, ಎಲ್ಲವನ್ನೂ ಹಿಡಿದಿರುವ ಬಡಿದ ಕಬ್ಬಿಣದ ಚೌಕಟ್ಟು. ಬೋಗುಣಿಯ ಅಂಚಿನಲ್ಲಿ ಕೊಕ್ಕೆಗೆಂದು ಮೂರು ತೂತು. ಅಂಚಿನ ಹತ್ತಿರ ಆಮ್ಲದಲ್ಲಿ ಕೊರೆದ ಸಹಿ. ಸ್ವಿಚ್ ಹಾಕದಿದ್ದಾಗ ಗಾಜು ಮಂಕು ನೇರಳೆ, ಮಣ್ಣುಗೆಂಪು, ಅಲ್ಲಲ್ಲಿ ನೀಲಿಯ ಮಚ್ಚೆ. ಚಂದವೆನ್ನಲು ಮನಸ್ಸು ಬರುವುದಿಲ್ಲ. ಬಲ್ಬು ಹತ್ತಿದಾಗ ನಡುವಿನ ಹಳದಿ ಕಿತ್ತಳೆಗೆ ಏರಿ, ಅಂಚಿಗೆ ಬರುತ್ತ ಕೆಂಪಾಗಿ, ಕೊನೆಗೆ ನೇರಳೆಯಲ್ಲಿ ಕರಗುತ್ತದೆ. ತೂಗುದೀಪವನ್ನು ನೋಡುವುದು ಕೆಳಗಿನಿಂದ, ಕತ್ತೆತ್ತಿ. ಹಾಗೆ ನೋಡಿದಾಗ ಗ್ಯಾಲೆ ಕಾರ್ಖಾನೆಯ ಬೋಗುಣಿಗಳ ಹೂಬಳ್ಳಿ ಕುಗ್ಗಿ ಸೊಟ್ಟಗಾಗುತ್ತದೆ. ಹೂದಾನಿಗೆ ಬರೆದ ಚಿತ್ರವನ್ನು ಚಾವಣಿಗೆ ಏರಿಸಿದ ಹಾಗಿರುತ್ತದೆ. ಮ್ಯುಲ್ಲರ್ ಗಾಜಿನಲ್ಲಿ ಚಿತ್ರವೇ ಇಲ್ಲದ್ದರಿಂದ ಕೆಡುವುದಕ್ಕೂ ಏನಿಲ್ಲ. ಹರಾಜಿನಲ್ಲಿ ಗ್ಯಾಲೆಯ ಹೆಸರು ಎಷ್ಟೇ ದುಬಾರಿಯಾಗಿರಲಿ, ದೀಪವಾಗಿ ಮ್ಯುಲ್ಲರ್ ಬೋಗುಣಿಯೇ ಮೇಲು. ಹಾಗೆ ನೋಡಿದರೆ ಗ್ಯಾಲೆ ಸಹಿಯ ತೂಗುದೀಪಗಳಲ್ಲಿ ಬಹುಪಾಲು ಅವನು ತೀರಿಕೊಂಡ ಮೇಲೆ, ಅವನ ಕಾರ್ಖಾನೆ ಮಾದರಿಗಳನ್ನು ಪುನರಾವರ್ತಿಸುತ್ತಿದ್ದ ಕಾಲದವು.

ರೆನೆ ಲಾಲಿಕ್ (1860–1945) ಹಿಡಿದ ದಾರಿ ಬೇರೆ. ಅವನು ಬಣ್ಣವನ್ನು ಬಹುಮಟ್ಟಿಗೆ ಬಿಟ್ಟು, ಅಚ್ಚಿನಲ್ಲಿ ಒತ್ತಿದ ಹಾಲುಗಾಜಿನ ಉಬ್ಬುಚಿತ್ರಗಳನ್ನು ನಂಬಿದ. ಹಾಲುಗಾಜಿನೊಳಗಿನ ಅತಿ ಸಣ್ಣ ಕಣಗಳು ನೀಲಿ ಬೆಳಕನ್ನು ಹೆಚ್ಚು ಚದುರಿಸುತ್ತವೆ. ಹಾಗಾಗಿ ಹಗಲಿನಲ್ಲಿ ಅಂಚು ನೀಲಿ, ಒಳಗೆ ದೀಪ ಹಚ್ಚಿದಾಗ ಜೇನುಬಣ್ಣ. ಅವನ ಚಿಪ್ಪಿನ ವಿನ್ಯಾಸದ ಬೋಗುಣಿ ಕೆಳಗಿನಿಂದ ನೋಡುವುದಕ್ಕೆಂದೇ ಮಾಡಿದಂತಿದೆ. ಎಪಿನೆಯ ಶ್ನೈಡರ್, ಕಾಂಪಿಯೆನ್‌ನ ದೆಗೆ ಮೊದಲಾದವರು 1925ರ ಪ್ಯಾರಿಸ್ ಪ್ರದರ್ಶನದ ಆಸುಪಾಸಿನ ರೇಖಾಗಣಿತದ ಅಭಿರುಚಿಗೆ ತಕ್ಕಂತೆ ದುಡಿದವರು. ಒಳ್ಳೆಯದೂ ಸಾಧಾರಣವೂ ಅವರಲ್ಲಿ ಬೆರೆತಿವೆ.

ಹೈದರಾಬಾದಿನ ಹೆಸರಾಂತ ದೀಪಗಳು ಈ ಪರಂಪರೆಗೆ ಸೇರಿದವಲ್ಲ. ಚೌಮಹಲ್ಲಾ ಅರಮನೆಯ ಖಿಲ್ವತ್ ಮುಬಾರಕ್ ದರ್ಬಾರಿನಲ್ಲಿ ಮತ್ತೆ ತೂಗುಹಾಕಿರುವ 19 ಗೊಂಚಲುಗಳು ಬೆಲ್ಜಿಯಂ ಹರಳಿನವು. ಪೈಗಾ ಮನೆತನದ ವಿಖಾರ್ ಉಲ್ ಉಮ್ರಾ ಕಟ್ಟಿಸಿದ, 2010ರಿಂದ ಹೋಟೆಲಾಗಿರುವ ಫಲಕ್‌ನುಮಾದಲ್ಲಿ ಬರ್ಮಿಂಗ್‌ಹ್ಯಾಮಿನ ಆಸ್ಲರ್ ಕಂಪನಿಯ ಕೈವಾಡವಿದೆ. 1851ರ ಲಂಡನ್ ಪ್ರದರ್ಶನದಲ್ಲಿ 27 ಅಡಿ ಎತ್ತರದ ಹರಳಿನ ಕಾರಂಜಿ ನಿಲ್ಲಿಸಿದ ಕಂಪನಿ ಅದು. ಕಲ್ಕತ್ತೆಯಲ್ಲೂ ಅದರ ಮಳಿಗೆಯಿತ್ತು. ಕಾರಣ ಸರಳ. ಈ ಅರಮನೆಗಳು ಪೂರ್ಣಗೊಂಡದ್ದು 19ನೇ ಶತಮಾನದಲ್ಲಿ. ನಗರಕ್ಕೆ ವಿದ್ಯುತ್ ಕೊಟ್ಟ ಹುಸೇನ್ ಸಾಗರ ದಂಡೆಯ ಉಷ್ಣ ವಿದ್ಯುತ್ ಸ್ಥಾವರ ಬಂದದ್ದು 1920ರಲ್ಲಿ. ಮೈಸೂರಿಗೆ 1908ರಲ್ಲೇ ವಿದ್ಯುತ್ ಬಂದಿತ್ತು, 1912ರಲ್ಲಿ ಮುಗಿದ ಅರಮನೆ ಬಲ್ಬಿನ ಕಾಲದ ಕಟ್ಟಡ. ಆದರೂ ಅಲ್ಲಿಯೂ ದೊರೆಗಳ ಒಲವು ಹರಳಿನ ಕಡೆಗೇ ಹೋಯಿತು. ದರ್ಬಾರಿಗೆ ಬೇಕಾದದ್ದು ಝಗಮಗ. ಮಂದ ಬೆಳಕಿನ ಬೋಗುಣಿಯಿಂದ ಆ ಕೆಲಸ ಆಗುವುದಿಲ್ಲ. ಖಿಲ್ವತ್ತಿನ ಗೊಂಚಲುಗಳನ್ನು ಬಲ್ಬು ಹತ್ತಿಸಿ ನೋಡುವುದಕ್ಕಿಂತ ಹಗಲಿನ ಓರೆ ಬಿಸಿಲಿನಲ್ಲಿ ನೋಡುವುದು ವಾಸಿ. ಬಲ್ಬು ಜ್ವಾಲೆಯಂತೆ ಅಲುಗುವುದಿಲ್ಲ, ಹರಳಿನ ಮಿಂಚೂ ನಿಂತುಬಿಡುತ್ತದೆ.

ಮೂಸಿ ನದಿಯ ದಡದ ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ ಮೂರನೇ ಸಾಲಾರ್ ಜಂಗ್ ಮೀರ್ ಯೂಸುಫ್ ಅಲಿ ಖಾನ್ (1889–1949) ಕೂಡಿಟ್ಟ ಯುರೋಪಿನ ಗಾಜಿನಲ್ಲಿ ಫ್ರಾನ್ಸಿನದೂ ಇದೆ. ಫ್ರೆಂಚ್ ಗಾಜಿನ ಮೈಯನ್ನು ಹತ್ತಿರದಿಂದ ನೋಡಲು ಹೈದರಾಬಾದಿನಲ್ಲಿ ಅದು ತಕ್ಕ ಜಾಗ.

ನಗರದ ಪೂರ್ವಕ್ಕೆ, ವರಂಗಲ್ ರಸ್ತೆಯ ಉಪ್ಪಲ್‌ನಲ್ಲಿ ಅರಮನೆಯ ಆಸೆ ಇನ್ನೂ ಹೋಗಿಲ್ಲ. ಆ ಕಡೆಯ ಫಂಕ್ಷನ್ ಹಾಲ್‌ಗಳಲ್ಲಿ ತೂಗುವ ಝೂಮರ್‌ಗಳು ದರ್ಬಾರಿನ ನಕಲು: ಹರಳಿನ ಬದಲು ಅಕ್ರಿಲಿಕ್ ಮಣಿ, ಜ್ವಾಲೆಯ ಬದಲು ಬೂದಿಬಿಳುಪಿನ ಎಲ್‌ಇಡಿ. ಮದುವೆಯ ಫೋಟೋಕ್ಕೆ ಅದು ಸಾಕು. ತಮಾಷೆಯೆಂದರೆ ಅದೇ ನಕಲಿನ ಚಿಕ್ಕ ರೂಪ ಅಲ್ಲಿನ ಫ್ಲ್ಯಾಟುಗಳ ಹಾಲಿಗೂ ಬಂದಿದೆ. ಹತ್ತು ಅಡಿಯೂ ತುಂಬದ ಚಾವಣಿಯಿಂದ ಮೂರು ಅಡಿ ಇಳಿಬಿದ್ದ ಗೊಂಚಲು ಎತ್ತರದ ಆಳಿನ ತಲೆಯ ಹತ್ತಿರಕ್ಕೇ ಬರುತ್ತದೆ. ಫ್ರೆಂಚ್ ಬೋಗುಣಿ ಹುಟ್ಟಿದ್ದೇ ಮಧ್ಯಮ ವರ್ಗದ ಊಟದ ಕೋಣೆಗಾಗಿ. ಅಡ್ಡಳತೆ ಹೆಚ್ಚಿನಂಶ ಒಂದೂವರೆ ಅಡಿಯೊಳಗೆ. ಉಪ್ಪಲ್‌ನ ಫ್ಲ್ಯಾಟಿಗೆ ಅಳತೆಯಲ್ಲೂ ಸ್ವಭಾವದಲ್ಲೂ ಹೊಂದುವುದು ಅದೇ.

ಹಾಗೆಂದು ತಂದ ಕೂಡಲೇ ತೂಗುಹಾಕುವ ಹಾಗಿಲ್ಲ. ಫ್ರಾನ್ಸಿನಲ್ಲಿ ಕೋಣೆಯ ನಟ್ಟನಡುವೆ ದೀಪ. ಇಲ್ಲಿ ಆ ಜಾಗ ಫ್ಯಾನಿನದು, ಏಪ್ರಿಲ್ ಮೇ ತಿಂಗಳಲ್ಲಿ ಅದನ್ನು ಅಲ್ಲಿಂದ ಕದಲಿಸುವ ಮಾತೇ ಇಲ್ಲ. ರೆಕ್ಕೆಗಿಂತ ಮೇಲೆ ದೀಪವಿದ್ದರೆ ನೆರಳು ಪಟಪಟ ಬಡಿಯುತ್ತದೆ, ಪಕ್ಕದಲ್ಲಿದ್ದರೆ ಬೋಗುಣಿ ತೂಗಾಡುತ್ತದೆ. ಊಟದ ಮೇಜಿನ ಮೇಲೆ, ಫ್ಯಾನಿನಿಂದ ದೂರ, ಕುಳಿತವರ ಕಣ್ಣಿಗೆ ಬಲ್ಬು ಬೀಳದಷ್ಟು ತಗ್ಗಿನಲ್ಲಿ ಹಾಕುವುದೇ ಸರಿ. ಕಬ್ಬಿಣದ ಚೌಕಟ್ಟಿನ ದೀಪ ಏಳೆಂಟು ಕಿಲೋ ತೂಗಬಹುದು. ಜಿಪ್ಸಂನ ಫಾಲ್ಸ್ ಸೀಲಿಂಗ್ ಅದನ್ನು ತಾಳುವುದಿಲ್ಲ, ಕೊಕ್ಕೆಯನ್ನು ಮೇಲಿನ ಆರ್‌ಸಿಸಿ ಸ್ಲ್ಯಾಬಿಗೇ ಬಿಗಿಯಬೇಕು. ಬಟ್ಟೆ ಸುತ್ತಿದ ಹಳೆಯ ವೈರನ್ನು ಉಳಿಸಿಕೊಳ್ಳುವ ಮೋಹ ಬೇಡ. ಹೊಸ ವೈರಿನ ಜೊತೆ ಲೋಹದ ಭಾಗಕ್ಕೆ ಅರ್ಥಿಂಗ್ ಕೊಡಬೇಕು. ಒಂದು ಅನುಕೂಲವೂ ಇದೆ. ಹಳೆಯ ಫ್ರೆಂಚ್ ದೀಪಗಳಲ್ಲಿ ಅನೇಕವು ಇಲ್ಲಿನಂತೆಯೇ ಎರಡು ಪಿನ್ನಿನ, ಒತ್ತಿ ತಿರುಗಿಸುವ ಹೋಲ್ಡರಿನವು.

ಬಲ್ಬಿನ ಆಯ್ಕೆಯಲ್ಲಿ ಎಡವಿದರೆ ಉಳಿದ ಶ್ರಮವೆಲ್ಲ ವ್ಯರ್ಥ. ಅಂಗಡಿಯವರು ಮೊದಲು ಕೈಗೆ ಕೊಡುವ 6500 ಕೆಲ್ವಿನ್‌ನ ಬಿಳಿ ಎಲ್‌ಇಡಿಯಲ್ಲಿ ಕೆಂಪಿನ ಪಾಲು ಕಡಿಮೆ. ಅದರ ಮುಂದೆ ಮ್ಯುಲ್ಲರ್ ಕಿತ್ತಳೆ ಕೆಮ್ಮಣ್ಣಾಗಿ ಸಾಯುತ್ತದೆ. 2700 ಕೆಲ್ವಿನ್‌ನ, ಹಾಲುಬಣ್ಣದ ಬುರುಡೆಯ ಬಲ್ಬು ಹಳೆಯ ತಂತಿ ಬಲ್ಬಿಗೆ ಹತ್ತಿರದ್ದು. ಎಲ್‌ಇಡಿಯ ಶಾಖ ಕಡಿಮೆಯಾದ್ದರಿಂದ ಗಾಜಿಗೂ ಒಳ್ಳೆಯದು.

ಕೊಳ್ಳುವವರು ಸಹಿಯನ್ನು ಎಲ್ಲಕ್ಕಿಂತ ಕೊನೆಗೆ ನೋಡಬೇಕು. ರೊಮೇನಿಯಾದಲ್ಲಿ ಗ್ಯಾಲೆ ಮಾದರಿಯೆಂದು ಸೂಚಿಸುವ ‘ಟಿಪ್’ ಎಂಬ ಪದ ಸೇರಿಸಿ ಮಾಡಿದ ಗಾಜು ಎಲ್ಲೆಡೆ ಹರಡಿದೆ. ಆ ಪದವನ್ನು ತಿಕ್ಕಿ ತೆಗೆದರೆ ಉಳಿಯುವುದು ಗ್ಯಾಲೆ ಸಹಿಯೇ. ಬೆರಳಾಡಿಸಿದರೆ ಬಣ್ಣದ ಪದರದ ಮೆಟ್ಟಿಲು ಸಿಗುತ್ತದೆಯೇ, ಬಲ್ಬಿನೆದುರು ಹಿಡಿದರೆ ಬಣ್ಣ ಗಾಜಿನ ಒಳಗಿದೆಯೇ ಮೇಲೆ ಬಳಿದದ್ದೇ, ಕೊಕ್ಕೆಯ ತೂತಿನಿಂದ ಕೂದಲೆಳೆಯ ಬಿರುಕು ಹೊರಟಿದೆಯೇ ಎಂಬುದು ಮುಖ್ಯ. ತೂತಿನ ಬಿರುಕಿರುವ ಬೋಗುಣಿಯನ್ನು ಕಪಾಟಿನಲ್ಲಿಡಬಹುದು, ತೂಗುಹಾಕಬಾರದು.

ಇನ್ನು ಕಾನೂನು. 1972ರ ಪುರಾತನ ವಸ್ತು ಮತ್ತು ಕಲಾ ನಿಧಿ ಕಾಯ್ದೆಯ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ಕಲಾಕೃತಿ, ಕುಶಲ ಕೆಲಸದ ವಸ್ತುಗಳು ಪುರಾತನ ವಸ್ತುಗಳು. ಖಾಸಗಿಯವರು ಅವನ್ನು ದೇಶದಿಂದ ಹೊರಗೆ ಸಾಗಿಸುವಂತಿಲ್ಲ. 1925ರ ಪ್ರದರ್ಶನದ ಕಾಲದ ಬೋಗುಣಿಗಳು ಈಗ ಆ ಗೆರೆಗೆ ಬಂದು ನಿಂತಿವೆ. ಉಪ್ಪಲ್‌ನ ಮನೆಯಿಂದ ಅಮೆರಿಕದಲ್ಲಿರುವ ಮಕ್ಕಳಿಗೆ ಇಂಥ ದೀಪವನ್ನು ಕಳಿಸಬೇಕೆನ್ನುವವರು, ಅದು ಪುರಾತನ ವಸ್ತುವಲ್ಲ ಎಂಬ ಪ್ರಮಾಣಪತ್ರವನ್ನು ಮೊದಲು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ಪಡೆಯಬೇಕಾಗುತ್ತದೆ. 1930ರ ದಶಕದ ದೀಪಕ್ಕೆ ಅದು ಸದ್ಯಕ್ಕೆ ಸಿಗಬಹುದು, ನಾನ್ಸಿಯ ಮೊದಲ ಕಾಲದ್ದಕ್ಕೆ ಸಿಗದು.