ಪಕ್ಕದ ಕುರ್ಚಿಯ ಕಣ್ಣೀರು

2004ರಲ್ಲಿ ಮೆಲ್ ಗಿಬ್ಸನ್ನನ ‘ದಿ ಪ್ಯಾಷನ್ ಆಫ್ ದಿ ಕ್ರೈಸ್ಟ್’ ಚಿತ್ರಕ್ಕೆ ನನ್ನನ್ನು ಕರೆದುಕೊಂಡು ಹೋದವರು ನಮ್ಮ ಶಾಲೆಯ ವಿಜ್ಞಾನದ ಟೀಚರು. ನನಗಿಂತ ಹಿರಿಯರು, ಭಾನುವಾರದ ಪೂಜೆ ತಪ್ಪಿಸದವರು. ಯೇಸುವಿನ ಮೈಮೇಲೆ ಚಾವಟಿ ಬೀಳುವಾಗ ನಾನು ಕಣ್ಣು ಮುಚ್ಚಿಕೊಂಡೆ. ಅವರು ಕಣ್ಣು ತೆರೆದೇ ಅಳುತ್ತಿದ್ದರು.

ಹೊರಗೆ ಬಂದ ಮೇಲೆ, “ಇಷ್ಟೊಂದು ರಕ್ತ ಯಾಕೆ ಬೇಕಿತ್ತು ಮೇಡಂ?” ಎಂದೆ.

“ನಿಮಗೆ ಅದು ಬರೀ ರಕ್ತ” ಎಂದಷ್ಟೇ ಹೇಳಿ ಬಸ್ಸಿನ ಕಡೆ ನಡೆದರು.

ವಿಮರ್ಶಕರೂ ಹೀಗೆಯೇ ಇಬ್ಭಾಗವಾದರು. ಅಮೆರಿಕದ ರೋಜರ್ ಈಬರ್ಟ್ ಪೂರ್ತಿ ನಾಲ್ಕು ನಕ್ಷತ್ರ ಕೊಟ್ಟರು. ಹಲವರು ಹಿಂಸೆಯ ವೈಭವವೆಂದು ಜರೆದರು. ಯೆಹೂದ್ಯರನ್ನು ತೋರಿಸಿದ ಬಗೆಗೆ ಅವರ ಸಂಘಟನೆಗಳು ಆಕ್ಷೇಪಿಸಿದವು. ಚಿತ್ರ ಮಾತ್ರ ಜಗತ್ತಿನಾದ್ಯಂತ 60 ಕೋಟಿ ಡಾಲರಿಗೂ ಮಿಕ್ಕಿ ಗಳಿಸಿತು. ಅಳುವವರು ಸಿನಿಮಾ ನೋಡುವುದಿಲ್ಲ, ತಮ್ಮ ನಂಬಿಕೆಯನ್ನೇ ನೋಡಿ ಬರುತ್ತಾರೆ ಎಂದು ನಾನು ತೀರ್ಮಾನಿಸಿದೆ.

ಹಾಗಾದರೆ ನನ್ನ ಅಮ್ಮ? ‘ಸತ್ಯ ಹರಿಶ್ಚಂದ್ರ’ದಲ್ಲಿ ಲೋಹಿತಾಶ್ವ ಮತ್ತೆ ಬದುಕುತ್ತಾನೆಂದು ಗೊತ್ತಿದ್ದೂ ಪ್ರತಿ ಸಲ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಅವಳ ಮಡಿಲಲ್ಲಿ ಕೂತು ನಾನೂ ಅತ್ತವಳೇ.

ಬಹಳ ವರ್ಷಗಳ ನಂತರ ಪಸೋಲಿನಿಯ ‘ದಿ ಗಾಸ್ಪೆಲ್ ಅಕಾರ್ಡಿಂಗ್ ಟು ಸೇಂಟ್ ಮ್ಯಾಥ್ಯೂ’ ನೋಡಿದೆ. 1964ರದು. ಗಿಬ್ಸನ್ ಆಮೇಲೆ ಹುಡುಕಿಕೊಂಡು ಹೋದ ಇಟಲಿಯ ಮತೇರಾ ಊರೇ ಇಲ್ಲಿಯೂ ಜೆರುಸಲೇಮ್. ಪಸೋಲಿನಿ ನಾಸ್ತಿಕ, ಮಾರ್ಕ್ಸ್‌ವಾದಿ. ಆದರೂ 2014ರಲ್ಲಿ ವ್ಯಾಟಿಕನ್ನಿನ ಪತ್ರಿಕೆಯೇ ಈ ಚಿತ್ರವನ್ನು ಕ್ರಿಸ್ತನ ಚಿತ್ರಗಳಲ್ಲಿ ಶ್ರೇಷ್ಠವೆಂದು ಮೆಚ್ಚಿತು. ಶಿಲುಬೆಯ ಬಳಿ ಕುಸಿಯುವ ವೃದ್ಧ ಮರಿಯಮ್ಮನ ಪಾತ್ರ ಮಾಡಿದವಳು ನಿರ್ದೇಶಕನ ತಾಯಿ ಸುಸಾನಾ. ಅವಳ ಕಿರಿಯ ಮಗ ಗೀದೊ 1945ರಲ್ಲಿ, ಯುದ್ಧದ ಕೊನೆಯ ತಿಂಗಳುಗಳಲ್ಲಿ ಕೊಲೆಯಾಗಿದ್ದ. ಈ ಸಂಗತಿ ನನಗೆ ತಿಳಿದದ್ದು ಆಮೇಲೆ. ಅಳು ಮೊದಲೇ ಬಂದಿತ್ತು.

ಗಿಬ್ಸನ್ನನ ಚಿತ್ರ ನಂಬಿದವರು ಹೊತ್ತು ತಂದದ್ದನ್ನೇ ನೆಚ್ಚಿಕೊಂಡಿದೆ. ಪಸೋಲಿನಿ ಬರಿಗೈಯಲ್ಲಿ ಬಂದವಳಿಗೂ ಒಬ್ಬ ತಾಯಿಯನ್ನು ತೋರಿಸಿದ. ಚಿತ್ರಗಳ ಬಗ್ಗೆ ನನ್ನ ಈ ತೀರ್ಪು ಬದಲಾಗಿಲ್ಲ. ಆದರೆ ಪಕ್ಕದ ಕುರ್ಚಿಯ ಕಣ್ಣೀರಿನ ಬಗ್ಗೆ ಅಂದು ಕೊಟ್ಟ ತೀರ್ಪು ತಪ್ಪು. ಚಿತ್ರವನ್ನು ತೂಗಬಹುದು, ನೋಡುವವರ ದುಃಖವನ್ನು ತೂಗಲು ನಾನು ಯಾರು?

ಟೀಚರು ನಿವೃತ್ತರಾಗಿ ಮಗನ ಊರಿನಲ್ಲಿದ್ದಾರೆ. ಈ ಗುಡ್‌ಫ್ರೈಡೆಯಂದು ಫೋನ್ ಮಾಡಿ ಇಷ್ಟನ್ನು ಹೇಳಬೇಕು.